ಹಬ್ಬದ ಬೆಳಗಿಗೊಂದು ನೊರೆಯುಕ್ಕುವ ಪಾನಕ

ವೈಶಾಖದ ಬಿಸಿಲೇರುತ್ತಿದ್ದಂತೆ ನಮ್ಮ ಬಾರ್ಕೂರಿನ ಹಳೆಯ ಮನೆಗಳಿಗೆ ಮತ್ತೆ ಜೀವ ಬರುತ್ತದೆ. ಬೆಂಗಳೂರು, ಮುಂಬಯಿ, ದುಬಾಯಿಗಳಲ್ಲಿ ನೆಲೆಸಿದ ಮಕ್ಕಳು ಮೊಮ್ಮಕ್ಕಳೊಡನೆ ರಜೆಗೆಂದು ಊರಿಗೆ ಮರಳುತ್ತಾರೆ. ಕೋಟೆಕೇರಿ, ಚೌಳಿಕೇರಿ, ಮೂಡುಕೇರಿಗಳ ಅಂಗಳಗಳಲ್ಲಿ ವರ್ಷವಿಡೀ ಕೇಳದ ಗಲಾಟೆ ಕೇಳಿಬರುತ್ತದೆ. ವೈಶಾಖ ಶುದ್ಧ ತದಿಗೆಯಂದು ಬಸವ ಜಯಂತಿ. ಪೂಜೆ ಮುಗಿದು, ಬಂದವರೆಲ್ಲ ಒಂದೆಡೆ ಕುಳಿತು ಉಪಾಹಾರ ಸ್ವೀಕರಿಸುವಷ್ಟರಲ್ಲಿ ಗಂಟೆ ಹತ್ತೂವರೆ ದಾಟಿರುತ್ತದೆ. ಎಲೆಯ ಮೇಲೆ ಕೊಟ್ಟೆ ಕಡುಬು, ಶಾವಿಗೆ, ಕಾಯಿಹಾಲು, ಬಾಳೆಹಣ್ಣಿನ ರಸಾಯನ. ಬೆಳಗಿನ ತಿಂಡಿಯೂ ಮಧ್ಯಾಹ್ನದ ಊಟವೂ ಕೂಡಿಕೊಂಡ ಇಂತಹ ಹೊತ್ತಿನ ಆಹಾರವನ್ನು ನಗರದ ಮಕ್ಕಳು ಬ್ರಂಚ್ ಎಂದು ಕರೆಯುತ್ತಾರೆ.

ಕಳೆದ ವರ್ಷ ಪರಿಚಿತರ ಮನೆಯೊಂದರಲ್ಲಿ ಹೀಗೆಯೇ ಕುಳಿತಿದ್ದಾಗ, ಕಾಲೇಜಿನಲ್ಲಿ ಓದುತ್ತಿರುವ ಆ ಮನೆಯ ಹುಡುಗಿ ತಾನು ಹಣ್ಣಿನ ಕಾಕ್‌ಟೇಲ್ ಮಾಡುವುದಾಗಿ ಘೋಷಿಸಿದಳು. ಅಜ್ಜಿಯ ಮುಖ ಕಳೆಗುಂದಿತು. ಮದ್ಯವಿಲ್ಲದ ಹಣ್ಣಿನ ರಸಕ್ಕೆ ಸೋಡಾ ಬೆರೆಸುವುದಷ್ಟೇ ಎಂದು ತಿಳಿದಾಗ ಆಕೆ, ‘ಹಾಗಾದರೆ ಪಾನಕ ಎನ್ನಬಾರದೇನು ಮಗಾ?’ ಎಂದರು. ಎಲ್ಲರೂ ನಕ್ಕರು. ಆದರೆ ಅಜ್ಜಿಯ ಮಾತಿನಲ್ಲಿ ಶಾಸ್ತ್ರಸಮ್ಮತವಾದ ಸತ್ಯವೇ ಇತ್ತು. ಹಬ್ಬದ ದಿನ ಮನೆಯಲ್ಲಿಯೇ ಸಿದ್ಧಪಡಿಸಬಹುದಾದ ನೊರೆಯುಕ್ಕುವ ಪಾನಕವೊಂದನ್ನೂ, ಅದನ್ನು ಬಡಿಸುವಾಗ ವಹಿಸಬೇಕಾದ ಎಚ್ಚರಗಳನ್ನೂ ಈ ಸಂಚಿಕೆಯಲ್ಲಿ ವಿವರಿಸಲು ಬಯಸುತ್ತೇವೆ.

ಪಾನಕದ ಪರಂಪರೆ

ಹಲವು ಹಣ್ಣುಗಳ ರಸವನ್ನು ಕೂಡಿಸಿ, ಸುವಾಸನೆಗೊಳಿಸಿ, ತಂಪಾಗಿಸಿ ಕುಡಿಯುವ ಕಲೆ ನಮಗೆ ಹೊರಗಿನಿಂದ ಬಂದುದಲ್ಲ. ವಾಗ್ಭಟಾಚಾರ್ಯರು ಅಷ್ಟಾಂಗಹೃದಯದ ಋತುಚರ್ಯಾಧ್ಯಾಯದಲ್ಲಿ ಗ್ರೀಷ್ಮಕ್ಕೆ ‘ಪಂಚಸಾರ’ವೆಂಬ ಪಾನಕವನ್ನು ಹೇಳಿದ್ದಾರೆ. ದ್ರಾಕ್ಷಿ, ಇಪ್ಪೆ, ಖರ್ಜೂರ, ಶಿವನೆಯ ಹಣ್ಣು ಮತ್ತು ಫಾಲ್ಸಾ ಹಣ್ಣುಗಳೇ ಆ ಐದು ಸಾರಗಳು. ಅದನ್ನು ಹೊಸ ಮಣ್ಣಿನ ಪಾತ್ರೆಯಲ್ಲಿರಿಸಿ, ತುಸು ಹುಳಿ ಬೆರೆಸಿ, ಮಣ್ಣಿನ ಬಟ್ಟಲುಗಳಲ್ಲಿ ಕುಡಿಯಬೇಕೆಂಬುದು ಅವರ ವಿಧಾನ. ಅದೇ ಪ್ರಕರಣದಲ್ಲಿ, ಬೇಸಗೆಯಲ್ಲಿ ಮದ್ಯವನ್ನು ಕುಡಿಯಲೇಬಾರದು, ಕುಡಿಯುವವರಾದರೂ ಬಹಳ ನೀರು ಬೆರೆಸಿ ಅತ್ಯಲ್ಪ ಮಾತ್ರ ಎಂಬ ಎಚ್ಚರಿಕೆಯೂ ಇದೆ. ಮದ್ಯವಿಲ್ಲದ ಹಬ್ಬದ ಪಾನೀಯಕ್ಕೆ ಇದಕ್ಕಿಂತ ಪುರಾತನವಾದ ಸಮರ್ಥನೆ ಬೇಕಿಲ್ಲ.

16ನೆಯ ಶತಮಾನದ ಭಾವಪ್ರಕಾಶದಲ್ಲಿ ಮಾವಿನಕಾಯಿಯನ್ನು ಬೇಯಿಸಿ ಕಿವುಚಿ, ಸಕ್ಕರೆ, ತಣ್ಣೀರು, ಕರ್ಪೂರ ಮತ್ತು ಕಾಳುಮೆಣಸು ಬೆರೆಸುವ ಪಾನಕವಿದೆ. ಅದನ್ನು ಮೊದಲು ಮಾಡಿದವನು ಭೀಮಸೇನನೆಂದು ಗ್ರಂಥಕಾರರು ಹೇಳುತ್ತಾರೆ. ಕನ್ನಡದಲ್ಲಿಯೇ ನೋಡಿದರೆ, ಮೂರನೆಯ ಮಂಗರಸನ ‘ಸೂಪಶಾಸ್ತ್ರ’ದಲ್ಲಿ ಪಾನಕಗಳಿಗೆಂದೇ ಒಂದು ಅಧ್ಯಾಯ ಮೀಸಲಾಗಿದೆ. ಒಂದು ಕಾಲದಲ್ಲಿ ಬಾರ್ಕೂರು ಸೀಮೆಯನ್ನೂ ಆಳಿದ ಕೆಳದಿ ವಂಶದ ಬಸವಪ್ಪ ನಾಯಕರು 1709ರಲ್ಲಿ ರಚಿಸಿದ ‘ಶಿವತತ್ತ್ವರತ್ನಾಕರ’ವು ಅಡುಗೆಯ ವಿದ್ಯೆಯನ್ನೂ ಅರಿವಿನ ಒಂದು ಅಂಗವೆಂದು ಭಾವಿಸಿ ಒಳಗೊಂಡಿದೆ. ಬಂದವರಿಗೆ ತಂಪು ನೀಡುವುದನ್ನು ನಮ್ಮ ಹಿರಿಯರು ಸಣ್ಣ ವಿಷಯವೆಂದು ಬಗೆದಿರಲಿಲ್ಲ.

ಇನ್ನು ಗುಳ್ಳೆಗಳ ವಿಷಯ. ನೀರಿನಲ್ಲಿ ಇಂಗಾಲದ ಡೈಆಕ್ಸೈಡ್ ಅನಿಲವನ್ನು ಕರಗಿಸುವ ವಿಧಾನವನ್ನು 1767ರಲ್ಲಿ ಇಂಗ್ಲೆಂಡಿನ ಜೋಸೆಫ್ ಪ್ರೀಸ್ಟ್ಲಿ ಕಂಡುಕೊಂಡರು. 1783ರಲ್ಲಿ ಜಿನೀವಾದ ಯಾಕೋಬ್ ಶ್ವೆಪ್ ಅದನ್ನು ವ್ಯಾಪಾರಕ್ಕೆ ತಂದರು. 1870ರ ದಶಕದಲ್ಲಿ ಹೈರಮ್ ಕಾಡ್ ಎಂಬವರು ಗಾಜಿನ ಗೋಲಿಯೇ ಬಿರಡೆಯಾಗುವ ಬಾಟಲಿಯನ್ನು ರೂಪಿಸಿದರು. ಒಳಗಿನ ಅನಿಲದ ಒತ್ತಡವೇ ಗೋಲಿಯನ್ನು ಕುತ್ತಿಗೆಗೆ ಒತ್ತಿ ಹಿಡಿಯುತ್ತದೆ. ನಾವು ಬಾಲ್ಯದಲ್ಲಿ ಜಾತ್ರೆಯ ಗದ್ದೆಯಲ್ಲಿ ‘ಟಪ್’ ಎನಿಸಿ ಕುಡಿದ ಗೋಲಿ ಸೋಡಾ ಅದೇ.

ನಮ್ಮದೊಂದು ತಪ್ಪು

ತಯಾರಿಯ ಕ್ರಮವನ್ನು ಹೇಳುವ ಮೊದಲು ನಮ್ಮ ವೃತ್ತಿಜೀವನದ ಒಂದು ಪ್ರಸಂಗವನ್ನು ಓದುಗರ ಮುಂದಿಡುವುದು ಕರ್ತವ್ಯವೆಂದು ಭಾವಿಸುತ್ತೇವೆ.

ಹಲವು ವರ್ಷಗಳ ಹಿಂದೆ, ಇಂತಹದೇ ಬೇಸಗೆಯ ಒಂದು ಸಮಾರಂಭದಲ್ಲಿ, ನಿವೃತ್ತ ಶಿಕ್ಷಕರೊಬ್ಬರು ಪಾನಕದ ಲೋಟ ಹಿಡಿದುಕೊಂಡೇ ನಮ್ಮ ಬಳಿಗೆ ಬಂದರು. ಅವರಿಗೆ ಮಧುಮೇಹವಿತ್ತು, ನಮ್ಮಲ್ಲಿಯೇ ಔಷಧ ತೆಗೆದುಕೊಳ್ಳುತ್ತಿದ್ದರು. ‘ಡಾಕ್ಟ್ರೇ, ಬೆಲ್ಲದ್ದಾರೆ ಅಡ್ಡಿಲ್ಲ ಅಲ್ದಾ?’ ಎಂದು ಕೇಳಿದರು. ಸುತ್ತ ಜನರಿದ್ದರು, ಯಾರೋ ನಮ್ಮನ್ನು ಕರೆಯುತ್ತಿದ್ದರು. ‘ಅಡ್ಡಿಲ್ಲ ಮೇಷ್ಟ್ರೇ’ ಎಂದು ನಾವು ನುಡಿದು ಮುಂದಕ್ಕೆ ಹೋದೆವು. ಅಂದಿನ ಒಂದು ಲೋಟವಷ್ಟೇ ನಮ್ಮ ಮನಸ್ಸಿನಲ್ಲಿತ್ತು.

ಅವರು ಅದನ್ನು ವೈದ್ಯರ ಅಪ್ಪಣೆಯೆಂದೇ ಸ್ವೀಕರಿಸಿದ್ದರು. ಸಕ್ಕರೆಯ ಚಹಾ ಬಿಟ್ಟರು, ಅದರ ಬದಲಿಗೆ ಬೇಸಗೆಯುದ್ದಕ್ಕೂ ದಿನಕ್ಕೆರಡು ಲೋಟ ಬೆಲ್ಲದ ಪಾನಕ ಕುಡಿದರು. ಮಳೆಗಾಲ ಆರಂಭವಾದಾಗ ಕಾಲ್ಬೆರಳಿನ ಒಂದು ಸಣ್ಣ ಗಾಯ ಒಣಗದೆ ನಮ್ಮಲ್ಲಿಗೆ ಬಂದರು. ರಕ್ತದ ಸಕ್ಕರೆ ಅಂಶ ಕೈಮೀರಿತ್ತು. ಕೂಡಲೇ ದೊಡ್ಡ ಆಸ್ಪತ್ರೆಗೆ ಕಳುಹಿಸಿದೆವು. ಕಾಲು ಉಳಿಯಿತು, ಆದರೆ ಒಂದು ಬೆರಳನ್ನು ತೆಗೆಯಬೇಕಾಯಿತು. ಆ ಗಾಯಕ್ಕೆ ಪಾನಕವೊಂದೇ ಕಾರಣವೆನ್ನಲಾಗದು. ಆದರೆ ಅದರ ಪಾಲಿತ್ತು, ನಮ್ಮ ಮಾತಿನ ಪಾಲೂ ಇತ್ತು. ಆ ಹಿರಿಯರು ಒಂದು ದಿನವೂ ನಮ್ಮನ್ನು ದೂರಲಿಲ್ಲ. ಅದರಿಂದಲೇ ಆ ‘ಅಡ್ಡಿಲ್ಲ’ ಎಂಬ ಮಾತು ಇಂದಿಗೂ ನಮ್ಮನ್ನು ಚುಚ್ಚುತ್ತದೆ.

ನಮಗೆ ತಿಳಿದಿರಲಿಲ್ಲವೆಂದಲ್ಲ. ಚರಕ ಸಂಹಿತೆಯು ಪ್ರಮೇಹದ ಕಾರಣಗಳನ್ನು ಎಣಿಸುವಲ್ಲಿ ಬೆಲ್ಲದಿಂದ ಮಾಡಿದ ಪದಾರ್ಥಗಳನ್ನು ಹೆಸರಿಸಿಯೇ ಹೇಳಿದೆ. ಸುಶ್ರುತ ಸಂಹಿತೆಯ ಸೂತ್ರಸ್ಥಾನದ 46ನೆಯ ಅಧ್ಯಾಯವು ಬೆಲ್ಲದ ಪಾನಕವನ್ನು ಗುರು, ಎಂದರೆ ಜೀರ್ಣಕ್ಕೆ ಭಾರವಾದುದು, ಎಂದಿದೆ. ವಿದ್ಯಾರ್ಥಿ ದೆಸೆಯಲ್ಲಿ ಕಂಠಪಾಠ ಮಾಡಿದ ವಿಷಯಗಳು ಇವು. ಆಧುನಿಕ ವಿಶ್ಲೇಷಣೆಯೂ ಇದನ್ನೇ ಹೇಳುತ್ತದೆ. ಬೆಲ್ಲದಲ್ಲಿ ಅಲ್ಪ ಪ್ರಮಾಣದ ಖನಿಜಾಂಶಗಳಿವೆಯಾದರೂ ಅದರ ಬಹುಭಾಗ ಸಕ್ಕರೆಯೇ. ಜೇನುತುಪ್ಪದ ವಿಷಯವೂ ಹಾಗೆಯೇ. ಆದುದರಿಂದ ‘ಬೆಲ್ಲದ್ದಾದರೆ ಅಡ್ಡಿಲ್ಲ’ ಎಂಬ ಮಾತನ್ನು ಮಧುಮೇಹಿಗಳು ಯಾರಿಂದ ಕೇಳಿದರೂ, ವೈದ್ಯರಿಂದಲೇ ಕೇಳಿದರೂ, ‘ಎಷ್ಟು?’ ಎಂದು ಮರುಪ್ರಶ್ನೆ ಹಾಕಬೇಕು.

ಸಿಹಿಯ ಲೆಕ್ಕ

ವಿಶ್ವ ಆರೋಗ್ಯ ಸಂಸ್ಥೆಯು 2015ರ ಮಾರ್ಗಸೂಚಿಯಲ್ಲಿ, ಆಹಾರಕ್ಕೆ ಬೆರೆಸುವ ಸಕ್ಕರೆ, ಬೆಲ್ಲ, ಜೇನು ಹಾಗೂ ಹಣ್ಣಿನ ರಸದಲ್ಲಿರುವ ಸಕ್ಕರೆಗಳೆಲ್ಲ ಸೇರಿ ದಿನದ ಒಟ್ಟು ಶಕ್ತಿಯ ಶೇ. 10ನ್ನು ಮೀರಬಾರದೆಂದೂ, ಶೇ. 5ಕ್ಕಿಂತ ಕಡಿಮೆಯಿದ್ದರೆ ಇನ್ನೂ ಒಳ್ಳೆಯದೆಂದೂ ಹೇಳಿದೆ. ಸಾಮಾನ್ಯ ವಯಸ್ಕರಿಗೆ ಇದು ಕ್ರಮವಾಗಿ ಸುಮಾರು 50 ಗ್ರಾಂ ಮತ್ತು 25 ಗ್ರಾಂ. ಅಂಗಡಿಯಲ್ಲಿ ದೊರೆಯುವ ಅನೇಕ ಸಿಹಿ ಪಾನೀಯಗಳ ಪ್ರತಿ 100 ಮಿಲಿಲೀಟರಿನಲ್ಲಿ 10 ಗ್ರಾಮಿನಷ್ಟು ಸಕ್ಕರೆಯಿರುತ್ತದೆ. 300 ಮಿಲಿಲೀಟರಿನ ಒಂದು ಬಾಟಲಿ ಮುಗಿಸಿದ ಮಗುವಿನ ಹೊಟ್ಟೆಗೆ 30 ಗ್ರಾಂ ಸಕ್ಕರೆ ಸೇರಿತೆಂದಾಯಿತು. ಬಾಟಲಿಯ ಹಿಂಬದಿಯ ಸಣ್ಣ ಅಕ್ಷರಗಳನ್ನು ಓದುವ ಅಭ್ಯಾಸವನ್ನು ಮಕ್ಕಳಿಗೇ ಕಲಿಸಿರಿ. ಹಿರಿಯರಿಗಿಂತ ಅವರ ಕಣ್ಣು ಚುರುಕು.

ಕೆಳಗೆ ಹೇಳುವ ಪಾನಕದಲ್ಲಿ ಪ್ರತಿ ಲೋಟಕ್ಕೆ 10 ಗ್ರಾಂ ಬೆಲ್ಲ ಮಾತ್ರ ಬೀಳುತ್ತದೆ. ಎಲೆಯ ಮೇಲೆ ರಸಾಯನ, ಹೋಳಿಗೆ, ಪಾಯಸಗಳಿದ್ದರೆ ಅದನ್ನೂ ಅರ್ಧಕ್ಕಿಳಿಸಿರಿ. ಸಿಹಿಯ ಜೊತೆಗೆ ಕುಡಿಯುವ ಪಾನಕ ಹುಳಿಯಾಗಿದ್ದರೇ ರುಚಿ.

ಪುನರ್ಪುಳಿಯ ಹಬ್ಬದ ಪಾನಕ: ಹತ್ತು ಜನರಿಗೆ

ಕರಾವಳಿಯಲ್ಲಿ ಪುನರ್ಪುಳಿ, ಮಲೆನಾಡಿನಲ್ಲಿ ಮುರುಗಲು ಎನ್ನುವ ಹಣ್ಣು ಏಪ್ರಿಲ್-ಮೇ ತಿಂಗಳುಗಳಲ್ಲಿ ಕೆಂಪಾಗುತ್ತದೆ. ಶಾಸ್ತ್ರಗಳ ‘ವೃಕ್ಷಾಮ್ಲ’ ಇದೇ. ಯಾವ ಕೃತಕ ಬಣ್ಣವೂ ಇಲ್ಲದೆ ಮಾಣಿಕ್ಯದ ಕೆಂಪನ್ನು ಕೊಡುವ ಇದಕ್ಕಿಂತ ಹಬ್ಬಕ್ಕೊಪ್ಪುವ ಹಣ್ಣು ನಮ್ಮ ಸೀಮೆಯಲ್ಲಿ ಮತ್ತೊಂದಿಲ್ಲ.

ಬೇಕಾಗುವ ಸಾಮಗ್ರಿಗಳು: ಉಪ್ಪು ಹಾಕದೆ ಒಣಗಿಸಿದ ಪುನರ್ಪುಳಿ ಸಿಪ್ಪೆ 40 ಗ್ರಾಂ, ಅಥವಾ ಹತ್ತು-ಹನ್ನೆರಡು ತಾಜಾ ಹಣ್ಣುಗಳ ಸಿಪ್ಪೆ, ಬೆಲ್ಲ 100 ಗ್ರಾಂ, ಹಸಿಶುಂಠಿ ಹೆಬ್ಬೆರಳಿನ ಅರ್ಧದಷ್ಟು, ಏಲಕ್ಕಿ 5, ಕಾಳುಮೆಣಸು 10, ಸಣ್ಣಗೆ ಹೆಚ್ಚಿದ ಅನಾನಸು ಮತ್ತು ಬಚ್ಚಂಗಾಯಿ ತಲಾ ಎರಡು ಬಟ್ಟಲು, ಒಣದ್ರಾಕ್ಷಿ ಒಂದು ಹಿಡಿ, ಸಿಹಿಯಿಲ್ಲದ ಸಾದಾ ಸೋಡಾ 750 ಮಿಲಿಲೀಟರ್, ಕುದಿಸಿ ಆರಿಸಿದ ನೀರು ಮುಕ್ಕಾಲು ಲೀಟರ್.

ಮಾಡುವ ಕ್ರಮ: ಪುನರ್ಪುಳಿ ಸಿಪ್ಪೆಯನ್ನು ತೊಳೆದು ಅರ್ಧ ಲೀಟರ್ ನೀರಿನಲ್ಲಿ ಮೂರು ಗಂಟೆ ನೆನೆಹಾಕಿ, ಚೆನ್ನಾಗಿ ಕಿವುಚಿ ಸೋಸಿರಿ. ಉಳಿದ ನೀರಿನಲ್ಲಿ ಬೆಲ್ಲ ಕರಗಿಸಿ ಒಂದು ಕುದಿ ಬರಿಸಿ, ಜಜ್ಜಿದ ಶುಂಠಿ, ಏಲಕ್ಕಿ, ಕಾಳುಮೆಣಸು ಹಾಕಿ ಮುಚ್ಚಿಡಿ. ಆರಿದ ಮೇಲೆ ಸೋಸಿ ಹುಳಿನೀರಿಗೆ ಬೆರೆಸಿ, ತಂಪುಪೆಟ್ಟಿಗೆಯಲ್ಲಿ ಇಲ್ಲವೇ ಹೊಸ ಮಣ್ಣಿನ ಹೂಜಿಯಲ್ಲಿ ತಣಿಸಿರಿ. ಸೋಡಾವನ್ನೂ ಬೇರೆಯಾಗಿ ಚೆನ್ನಾಗಿ ತಣಿಸಿರಿ. ಅನಿಲವು ತಣ್ಣನೆಯ ನೀರಿನಲ್ಲಿ ಹೆಚ್ಚು ಹೊತ್ತು ಉಳಿಯುತ್ತದೆ, ಬೆಚ್ಚನೆಯದರಲ್ಲಿ ಬೇಗ ಹಾರಿಹೋಗುತ್ತದೆ.

ಎಲ್ಲರೂ ಕುಳಿತ ಮೇಲೆಯೇ ಪ್ರತಿ ಲೋಟಕ್ಕೆ ಒಂದಿಷ್ಟು ಹಣ್ಣಿನ ಹೋಳು, ಅರ್ಧ ಭಾಗ ಪಾನಕ, ಕೊನೆಯಲ್ಲಿ ಉಳಿದರ್ಧ ಸೋಡಾವನ್ನು ಲೋಟದ ಅಂಚಿನಿಂದ ಮೆಲ್ಲಗೆ ಇಳಿಸಿರಿ. ಚಮಚದಿಂದ ಜೋರಾಗಿ ಕಲಕಬೇಡಿ. ಮೇಲಿನಿಂದ ನಾಲ್ಕು ಒಣದ್ರಾಕ್ಷಿ ಹಾಕಿದರೆ, ಅವುಗಳ ಸುಕ್ಕುಗಳಿಗೆ ಗುಳ್ಳೆಗಳು ಅಂಟಿ, ದ್ರಾಕ್ಷಿ ಮೇಲೆದ್ದು ಮತ್ತೆ ಮುಳುಗುತ್ತದೆ. ಮಕ್ಕಳಿಗೆ ಇದಕ್ಕಿಂತ ಸೊಗಸಾದ ಆಟವಿಲ್ಲ. ಪ್ರತಿ ಲೋಟಕ್ಕೆ 150 ಮಿಲಿಲೀಟರಿನಷ್ಟು ಪಾನಕ ಬರುತ್ತದೆ.

ಸೋಡಾ ಸಿಗಲಿಲ್ಲವೆಂದು ಅಡುಗೆಸೋಡಾ ಹಾಕುವ ಪದ್ಧತಿಯೊಂದಿದೆ. ಅದನ್ನು ನಾವು ಒಪ್ಪುವುದಿಲ್ಲ. ಹುಳಿಯೊಡನೆ ಅದು ನೊರೆಗರೆಯುವುದು ನಿಜ. ಆದರೆ ಒಂದು ಚಹಾ ಚಮಚ ಅಡುಗೆಸೋಡಾದಲ್ಲಿ ಸುಮಾರು 1.2 ಗ್ರಾಂ ಸೋಡಿಯಂ ಇದೆ. ಇಡೀ ದಿನಕ್ಕೆ 2 ಗ್ರಾಂ ಮೀರಬಾರದೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ರಕ್ತದೊತ್ತಡವುಳ್ಳವರಿಗೆ ಇದು ಸಲ್ಲದು. ಮೇಲಾಗಿ ಪುನರ್ಪುಳಿಯ ಚೆಂದದ ಕೆಂಪೂ ಮಂಕಾಗುತ್ತದೆ.

ನೀರು ಮತ್ತು ಮಂಜುಗಡ್ಡೆ

ಸಿಹಿಯ ಅಪಾಯ ನಿಧಾನವಾದುದು, ನೀರಿನ ಅಪಾಯ ತಕ್ಷಣದ್ದು. ಬೇಸಗೆಯ ಸಮಾರಂಭಗಳ ಮರುದಿನ ವಾಂತಿ-ಭೇದಿಯೆಂದೂ, ಕೆಲವು ವಾರಗಳ ಬಳಿಕ ಕಾಮಾಲೆಯೆಂದೂ ಬರುವವರನ್ನು ನಾವು ಅನೇಕ ವರ್ಷಗಳಿಂದ ನೋಡುತ್ತ ಬಂದಿದ್ದೇವೆ. ನಮ್ಮ ಕರಾವಳಿಯಲ್ಲಿ ಮಂಜುಗಡ್ಡೆಯ ದೊಡ್ಡ ದಿಂಡುಗಳು ಸುಲಭವಾಗಿ ಸಿಗುತ್ತವೆ. ಆದರೆ ಅವು ಮೀನನ್ನು ಕೆಡದಂತೆ ಇರಿಸಲು ತಯಾರಾದವು, ಕುಡಿಯುವ ಪಾನೀಯಕ್ಕೆ ಹಾಕಲು ಅಲ್ಲ. ಪಾತ್ರೆಯನ್ನು ಹೊರಗಿನಿಂದ ತಣಿಸಲು ಅವನ್ನು ಬಳಸಬಹುದು, ಪಾನಕದೊಳಗೆ ಒಂದು ಚೂರೂ ಬೀಳಕೂಡದು. ಮಂಜುಗಡ್ಡೆಯಾದ ಮಾತ್ರಕ್ಕೆ ರೋಗಾಣುಗಳು ಸಾಯುವುದಿಲ್ಲ.

ನೀರು ಚೆನ್ನಾಗಿ ಕೊತಕೊತನೆ ಕುದಿದು ಒಂದು ನಿಮಿಷ ಕಳೆಯಲಿ. ಅದೇ ನೀರಿನಿಂದ ಮನೆಯಲ್ಲಿಯೇ ಮಂಜುಗಡ್ಡೆ ಮಾಡಿಕೊಳ್ಳಿರಿ. ಇನ್ನೂ ಉತ್ತಮ ಉಪಾಯವೆಂದರೆ ಬಚ್ಚಂಗಾಯಿಯ ಹೋಳುಗಳನ್ನೇ ಹಿಂದಿನ ರಾತ್ರಿ ಹೆಪ್ಪುಗಟ್ಟಿಸಿ ಲೋಟಕ್ಕೆ ಹಾಕುವುದು. ತಂಪೂ ಆಯಿತು, ಪಾನಕ ನೀರಾಗಲೂ ಇಲ್ಲ. ಹಣ್ಣನ್ನು ಹೆಚ್ಚುವ ಮೊದಲೇ ಸಿಪ್ಪೆಯ ಹೊರಮೈಯನ್ನು ತೊಳೆಯಬೇಕೆಂಬುದನ್ನು ಮರೆಯದಿರಿ.

ಮಾಡಿದ ಪಾನಕವನ್ನು ಅದೇ ದಿನ ಮುಗಿಸಿರಿ. ಬಿಸಿಲಿನಲ್ಲಿ ಉಳಿದ ಹಣ್ಣಿನ ರಸ ತಾನಾಗಿಯೇ ಹುದುಗುತ್ತದೆ. ಆಸವ-ಅರಿಷ್ಟಗಳಲ್ಲಿ ಮದ್ಯಾಂಶ ಹುಟ್ಟುವುದು ಇದೇ ಕ್ರಿಯೆಯಿಂದ. ಬಿಗಿಯಾಗಿ ಮುಚ್ಚಿದ ಗಾಜಿನ ಬಾಟಲಿ ಆ ಅನಿಲದ ಒತ್ತಡಕ್ಕೆ ಒಡೆಯಲೂಬಹುದು.

ಯಾರಿಗೆ ಯಾವ ಲೋಟ

ಮಧುಮೇಹಿಗಳಿಗೆ ಬೆಲ್ಲ ಬೆರೆಸುವ ಮೊದಲೇ ಪುನರ್ಪುಳಿ ನೀರನ್ನು ಬೇರೆ ತೆಗೆದಿಡಿ. ಅದಕ್ಕೆ ಹುರಿದ ಜೀರಿಗೆಯ ಪುಡಿ, ಚಿಟಿಕೆ ಉಪ್ಪು, ಬೇಕಾದಷ್ಟು ನೀರು, ಮೇಲಿನಿಂದ ಸೋಡಾ. ಬಣ್ಣ ಒಂದೇ, ನೊರೆಯೂ ಒಂದೇ. ಪಂಕ್ತಿಯಲ್ಲಿ ಕುಳಿತವರಲ್ಲಿ ತಾನೊಬ್ಬ ರೋಗಿಯೆಂಬ ಭಾವನೆ ಅವರಿಗೆ ಬಾರದು.

ಆದರೆ ಇಲ್ಲಿ ಒಂದು ಸೂಕ್ಷ್ಮವಿದೆ. ಹಬ್ಬದ ದಿನ ಮಾತ್ರೆ ನುಂಗಿ ಅಥವಾ ಇನ್ಸುಲಿನ್ ಚುಚ್ಚಿಕೊಂಡು, ಪೂಜೆ ಮುಗಿಯುವವರೆಗೆ ಉಪವಾಸವಿರುವ ಮಧುಮೇಹಿಗಳು ಹಲವರು. ಅವರಿಗೆ ಬೆವರು, ನಡುಕ, ಕಣ್ಣುಮಂಜು, ಗೊಂದಲ ಕಂಡುಬಂದರೆ ರಕ್ತದ ಸಕ್ಕರೆ ಇಳಿದಿರುವ ಲಕ್ಷಣವಿರಬಹುದು. ಆ ಕ್ಷಣದಲ್ಲಿ ಸಿಹಿಯೇ ಔಷಧ. ಪ್ರಜ್ಞೆಯಿದ್ದು ನುಂಗಬಲ್ಲವರಿಗೆ ಮೂರು ಚಮಚ ಸಕ್ಕರೆ ಕರಗಿಸಿದ ನೀರನ್ನಾಗಲಿ, ಅಷ್ಟೇ ಸಿಹಿಯ ಪಾನಕವನ್ನಾಗಲಿ ಕೂಡಲೇ ಕುಡಿಸಿ, ಬಳಿಕ ಆಹಾರ ಕೊಡಿ. ಪ್ರಜ್ಞೆ ತಪ್ಪಿದವರ ಬಾಯಿಗೆ ಏನನ್ನೂ ಹಾಕದೆ ಆಸ್ಪತ್ರೆಗೆ ಕರೆದೊಯ್ಯಿರಿ. ಹಬ್ಬದಂದು ಮಾತ್ರೆಯ ಸಮಯವನ್ನು ಹೇಗೆ ಹೊಂದಿಸಬೇಕೆಂಬುದನ್ನು ಮೊದಲೇ ನಿಮ್ಮ ವೈದ್ಯರಲ್ಲಿ ಕೇಳಿಕೊಳ್ಳುವುದು ಲೇಸು.

ಹುಳಿತೇಗು, ಎದೆಯುರಿ, ಹೊಟ್ಟೆಯುಬ್ಬರ ಇರುವವರಿಗೆ ಸೋಡಾ ಬೇಡ. ಅವರಿಗೆ ಎಳನೀರನ್ನು ಬೆರೆಸಿ, ಹುಳಿ ಕಡಿಮೆ ಮಾಡಿ ಕೊಡಿ. ಆದರೆ ಮೂತ್ರಪಿಂಡದ ಕಾಯಿಲೆಯುಳ್ಳವರಿಗೆ ಎಳನೀರಿನ ಪೊಟ್ಯಾಸಿಯಂ ತೊಂದರೆ ಕೊಡಬಹುದು. ಅವರು ವೈದ್ಯರು ಹೇಳಿದ ಪ್ರಮಾಣವನ್ನು ಮೀರಬಾರದು. ಒಂದು ವರ್ಷ ತುಂಬದ ಶಿಶುಗಳಿಗೆ ಇಂತಹ ಪಾನಕವಾಗಲಿ ಜೇನುತುಪ್ಪವಾಗಲಿ ಕೂಡದು. ಸಣ್ಣ ಮಕ್ಕಳ ಲೋಟಕ್ಕೆ ಇಡೀ ದ್ರಾಕ್ಷಿ ಹಾಕದಿರಿ, ಗಂಟಲಿಗೆ ಸಿಲುಕಬಹುದು. ಹುಳಿಹಣ್ಣಿನೊಡನೆ ಹಾಲು ಬೆರೆಸುವುದು ಆಯುರ್ವೇದದಲ್ಲಿ ವಿರುದ್ಧಾಹಾರ. ಆದುದರಿಂದ ಈ ಪಾನಕಕ್ಕೆ ಐಸ್‌ಕ್ರೀಂ ತೇಲಿಬಿಡುವ ಮಕ್ಕಳ ಬೇಡಿಕೆಯನ್ನು ನಯವಾಗಿ ತಳ್ಳಿಹಾಕಿರಿ. ಅತಿ ತಂಪಾದುದನ್ನು ತುಂಬಿದ ಹೊಟ್ಟೆಯ ಮೇಲೆ ಕುಡಿದರೆ ಜಠರಾಗ್ನಿ ಕುಗ್ಗುತ್ತದೆ. ಉಪಾಹಾರಕ್ಕೆ ಅರ್ಧ ಗಂಟೆ ಮೊದಲು, ಅಥವಾ ತಿನ್ನುವಾಗ ಗುಟುಕು ಗುಟುಕಾಗಿ ಕುಡಿಯುವುದು ಹಿತ.

ಬಡಿಸುವವರ ಹೊಣೆ

ದಾಸೋಹವೆಂದರೆ ತುಂಬಿ ತುಂಬಿ ಸುರಿಯುವುದಷ್ಟೇ ಅಲ್ಲ. ಬಡಿಸುವ ಕೈಗೆ ಎದುರಿನ ದೇಹದ ಅರಿವೂ ಇರಬೇಕು. ‘ಇನ್ನೊಂದು ಲೋಟ ಕುಡಿಯಲೇಬೇಕು’ ಎಂಬ ಒತ್ತಾಯದಲ್ಲಿ ಪ್ರೀತಿಯಿದೆ, ಆದರೆ ವಿವೇಕವಿಲ್ಲ. ಎರಡು ಹೂಜಿಗಳನ್ನು ಪಕ್ಕಪಕ್ಕದಲ್ಲಿಟ್ಟು, ಸಿಹಿಯದಕ್ಕೆ ಕೆಂಪು ದಾರ, ಸಿಹಿಯಿಲ್ಲದ್ದಕ್ಕೆ ಬಿಳಿ ದಾರ ಕಟ್ಟಿರಿ. ‘ನಿಮಗೆ ಯಾವುದು?’ ಎಂದು ಕೇಳಿ ಬಡಿಸಿರಿ. ಇಷ್ಟು ಮಾಡಲು ಖರ್ಚೇನೂ ಇಲ್ಲ.

ಆ ನಿವೃತ್ತ ಶಿಕ್ಷಕರು ಮುಂದೆಯೂ ಹಲವು ವರ್ಷ ಕೋಲೂರಿಕೊಂಡು ಬಸವ ಜಯಂತಿಗೆ ಬರುತ್ತಿದ್ದರು. ಬಿಳಿ ದಾರದ ಹೂಜಿ ಮೊದಲು ಇರಿಸಿದ್ದು ಅವರಿಗಾಗಿಯೇ. ಮೊದಲ ವರ್ಷ ಒಂದು ಗುಟುಕು ಕುಡಿದು, ಮುಖ ಹುಳಿಯಾಗಿಸಿ, ‘ಡಾಕ್ಟ್ರೇ, ಇದು ಅಡ್ಡಿಲ್ಲ’ ಎಂದರು. ನಾವು ಉತ್ತರಿಸಲಿಲ್ಲ, ಅವರ ಲೋಟಕ್ಕೆ ಇನ್ನಷ್ಟು ಸೋಡಾ ಸುರಿದೆವು.

ಈ ಹಬ್ಬದಲ್ಲಿ ನಿಮ್ಮ ಮನೆಯ ಜಗಲಿಯಲ್ಲೂ ಎರಡು ಹೂಜಿಗಳಿರಲಿ. ಎಲ್ಲರಿಗೂ ಆರೋಗ್ಯ ದೊರೆಯಲಿ. ಶರಣು ಶರಣಾರ್ಥಿ.